ಎರಡು ಹುಳ, ಒಂದು ಹೆಸರು

ನೀವು ನಮ್ಮ ಮನೆಗೆ ಬಂದರೆ ನೇರವಾಗಿ ಒಳಗೆ ಬರಬಹುದು. ಚಪ್ಪಲಿ ಬಿಡಲು ಮರೆತರೂ ನಮ್ಮ ಅತ್ತೆ ಒಂದು ಸಲ ನಿಮ್ಮ ಕಾಲು ನೋಡಿ ಸುಮ್ಮನಾಗುತ್ತಾರೆ. ಆದರೆ ಮನೆಗೆ ಅಂಟಿಕೊಂಡಿರುವ ಹುಳುಮನೆಗೆ ಕಾಲಿಡುತ್ತೇನೆಂದರೆ ಮಾತ್ರ, ನೀವು ಯಾರೇ ಆಗಿರಿ, ತವರಿನಿಂದ ಬಂದ ನನ್ನ ಒಡಹುಟ್ಟಿದ ಅಣ್ಣನೇ ಆಗಿರಿ, ಬಾಗಿಲಲ್ಲಿ ಹಾಸಿರುವ ಒದ್ದೆ ಗೋಣಿಚೀಲದ ಮೇಲೆ ನಿಂತು ಎರಡೂ ಪಾದಗಳನ್ನು ಚೆನ್ನಾಗಿ ಉಜ್ಜಿಕೊಳ್ಳಬೇಕು. ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಕುಡಿದು ಕುಡಿದು ಆ ಚೀಲ ತನ್ನ ಬಣ್ಣವನ್ನೇ ಮರೆತಿದೆ. ಆಮೇಲೆ ಕೈ ತೊಳೆಯಬೇಕು, ಮುಡಿದ ಮಲ್ಲಿಗೆಯನ್ನು ತೆಗೆದಿಡಬೇಕು, ಸೆಂಟು ಹಾಕಿಕೊಂಡು ಬಂದಿದ್ದರೆ ಕಿಟಕಿಯಿಂದಲೇ ನೋಡಿ ತೃಪ್ತಿಪಡಬೇಕು. ಬೀಗರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ, ಹುಳ ಬೇಸರ ಮಾಡಿಕೊಳ್ಳಬಾರದು ಎನ್ನುವುದು ನಮ್ಮ ಮನೆಯ ಕಾನೂನು.

ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಹಿಪ್ಪುನೇರಳೆ ಬೆಳೆಯುವುದು, ಆ ಸೊಪ್ಪಿನಿಂದ ರೇಷ್ಮೆಹುಳ ಸಾಕುವುದು, ಗೂಡಾದ ಮೇಲೆ ರಾಮನಗರದ ಮಾರುಕಟ್ಟೆಗೆ ಒಯ್ಯುವುದು, ಬಂದು ಮತ್ತೆ ಹುಳದ ತಟ್ಟೆ ತೊಳೆಯುವುದು: ಮದುವೆಯಾಗಿ ಬಂದಾಗಿನಿಂದ ನನ್ನ ಬದುಕು ಈ ಗಾಣದಲ್ಲೇ ತಿರುಗಿದೆ. ಹುಳಕ್ಕೆ ಬರುವ ಕಾಯಿಲೆಗಳ ಹೆಸರು ಕೇಳಿದರೆ ನಿಮಗೆ ನಗು ಬಂದೀತು. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆರೋಗ, ಎಲ್ಲವೂ ಅಡುಗೆಮನೆಯ ಮಾತಿನಂತೆಯೇ ಇವೆ. ಆದರೆ ಒಂದು ಒಳಹೊಕ್ಕರೆ ಇಡೀ ಬೆಳೆಯನ್ನು ತಿಪ್ಪೆಗೆ ಸುರಿಯಬೇಕು. ಅದಕ್ಕೇ ಈ ಮಡಿ, ಈ ಮೈಲಿಗೆ.

ಇನ್ನೊಂದು ಮಾತು ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂತರೆ ಹುಳ ಜ್ವರಕ್ಕೆ ಕೂತಿತು. ಹಳೆಯ ಚರ್ಮ ಕಳಚಿ ಹಸಿವಿನಿಂದ ಎದ್ದರೆ ಜ್ವರದಿಂದ ಎದ್ದಿತು. ಹಾಗೆ ನಾಲ್ಕು ಜ್ವರ ಎದ್ದ ಹುಳವೇ ಕೊನೆಗೆ ಹಣ್ಣಾಗಿ ಗೂಡು ಕಟ್ಟುವುದು. ಹೀಗಾಗಿ ನಿಮ್ಮ ಮನೆಗಳಲ್ಲಿ ಜ್ವರವೆಂದರೆ ಹೆದರಿಕೆ ಹುಟ್ಟಬಹುದು, ನಮ್ಮ ಮನೆಯಲ್ಲಿ ಅದು ಸಂತೋಷದ ಸುದ್ದಿ.

ಹುಳುಮನೆಯ ಹೊಸ್ತಿಲೊಂದನ್ನು ಬಿಟ್ಟು ಉಳಿದ ಮನೆಯಲ್ಲೆಲ್ಲ ಯಜಮಾನಿಯ ಹಾಗೆ ಓಡಾಡಿಕೊಂಡಿದ್ದವಳು ಕೆಂಪಿ, ನಮ್ಮ ನಾಯಿ. ಒಂದು ದಿನ ಸೊಪ್ಪಿನ ಗಾಡಿಯ ಹಿಂದೆ ನಡೆದು ಬಂದವಳು ವಾಪಸು ಹೋಗಲಿಲ್ಲ. ಬೆಟ್ಟದ ಕಡೆಯಿಂದ ಚಿರತೆ ಬರುವ ಊರು ನಮ್ಮದು, ಹಂದಿ ತೋಟಕ್ಕೆ ನುಗ್ಗುವ ಊರು. ನಾಯಿಯಿಲ್ಲದ ಮನೆ ಬಾಗಿಲಿಲ್ಲದ ಮನೆಯಿದ್ದಂತೆ ಎಂದು ಇಟ್ಟುಕೊಂಡೆವು. ಅವಳು ಸೊಪ್ಪಿನ ಕೊಟ್ಟಿಗೆಯ ಮೂಲೆಯಲ್ಲಿ ಮರಿ ಹಾಕಿದಾಗ ನನ್ನ ಮಗಳು ಭೂಮಿಕಾಳಿಗೆ ಐದು ವರ್ಷ. ಆ ಮರಿಗಳು ಕಣ್ಣು ಬಿಟ್ಟ ದಿನದಿಂದ ಅವಳು ನಮ್ಮ ಮಗಳಾಗಿ ಉಳಿಯಲಿಲ್ಲ, ಕೆಂಪಿಯ ಮಗಳಾದಳು. ಮರಿಗಳು ಅಂಗಳದಲ್ಲೇ ಗಲೀಜು ಮಾಡುತ್ತಿದ್ದವು, ಅತ್ತೆ ಅದರ ಮೇಲೊಂದು ಹಿಡಿ ಬೂದಿ ಹಾಕಿ ಪೊರಕೆಯಲ್ಲಿ ಬದಿಗೆ ಸರಿಸುತ್ತಿದ್ದರು, ಅದೇ ಬದಿಯ ಮಣ್ಣಿನಲ್ಲಿ ಇವಳು ತೆಂಗಿನ ಚಿಪ್ಪಿನಿಂದ ಇಡ್ಲಿ ಮಾಡುತ್ತಿದ್ದಳು. ಮಾಡಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ನನ್ನ ತಟ್ಟೆಯಿಂದ ಮುದ್ದೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೋಡಲು ಎಷ್ಟು ಚೆನ್ನಾಗಿತ್ತು ಎಂದರೆ, ನಮ್ಮ ಯಜಮಾನರು ಫೋಟೊ ಹೊಡೆದು ನೆಂಟರಿಗೆಲ್ಲ ಕಳಿಸಿದ್ದರು. ಆ ಫೋಟೊ ಈಗಲೂ ಅವರ ಮೊಬೈಲಿನಲ್ಲಿದೆ. ಅಳಿಸಲೂ ಆಗುವುದಿಲ್ಲ, ನೋಡಲೂ ಆಗುವುದಿಲ್ಲ.

ಮರಿಗಳು ಮನೆ ತುಂಬ ಓಡಾಡತೊಡಗಿದ ಮೇಲೆ ಭೂಮಿಗೆ ಸಣ್ಣಗೆ ಜ್ವರ ಬರತೊಡಗಿತು. ಸಂಜೆ ಬರುವುದು, ಬೆಳಗ್ಗೆ ಬಿಡುವುದು, ಜೊತೆಗೆ ಒಣ ಕೆಮ್ಮು. ಕನಕಪುರದ ಕ್ಲಿನಿಕ್ಕಿನಲ್ಲಿ ಒಂದು ಸಿರಪ್ ಕೊಟ್ಟರು, ಕಡಿಮೆಯಾಯಿತು, ಮತ್ತೆ ಬಂತು. ನಾನು ಮತ್ತೆ ಕರೆದುಕೊಂಡು ಹೋಗುತ್ತೇನೆಂದು ಹೊರಟರೆ ಅತ್ತೆ ತಟ್ಟೆಗೆ ಸೊಪ್ಪು ಹರಡುತ್ತಲೇ ಹೇಳಿದರು: "ಮಕ್ಳು ಬೆಳೆಯೋವಾಗ ಬರೋ ಜ್ವರ ಕಣವ್ವ ಅದು. ನಮ್ ಹುಳ ಜ್ವರಕ್ ಕೂತು ಎದ್ದಂಗೆಲ್ಲ ದೊಡ್ದಾಯ್ತವಲ್ಲ, ಹಂಗೇಯ. ಎದ್ಮೇಲೆ ನೋಡು, ಒಂದ್ ಗೇಣು ಎತ್ರ ಆಗಿರ್ತಾಳೆ." ಅವರು ಕಾಳಜಿಯಿಲ್ಲದೆ ಆಡಿದ ಮಾತಲ್ಲ ಅದು. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಆಡಿದರು, ತಮಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಜ್ವರದ ಹೆಸರನ್ನು ಅವಳ ಜ್ವರಕ್ಕೆ ಇಟ್ಟರು. ಜ್ವರವೂ ಅವರ ಮಾತು ಕೇಳಿದಂತೆ ಬಿಟ್ಟುಹೋಯಿತು.

ಅದಾದ ಕೆಲವು ವಾರಗಳ ಮೇಲೆ, ಒಂದು ಭಾನುವಾರ ಹಗಲು, ಬಚ್ಚಲಲ್ಲಿ ಕೂರಿಸಿ ಅವಳ ತಲೆ ತೊಳೆಯುತ್ತಿದ್ದೆ. ಎಡಗಣ್ಣಿಗೆ ಶಾಂಪೂ ಹೋಯಿತೆಂದು ಅದನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದಳು. ಸುಮ್ಮನೆ ಕೂತಿದ್ದವಳು ಇದ್ದಕ್ಕಿದ್ದಂತೆ, "ಅಮ್ಮ, ಕರೆಂಟ್ ಹೋಯ್ತಾ?" ಎಂದಳು. ಬಚ್ಚಲಲ್ಲಿ ದೀಪವನ್ನೇ ಹಾಕಿರಲಿಲ್ಲ. ಕಿಟಕಿಯಿಂದ ಬಿಸಿಲು ನೇರ ಅವಳ ಮುಖದ ಮೇಲೆ ಬೀಳುತ್ತಿತ್ತು. ತಮಾಷೆ ಎಂದುಕೊಂಡು, ಕಣ್ಣು ಬಿಟ್ಟು ನೋಡು ಎಂದೆ. "ಬುಟ್ಟೇ ಇವ್ನಿ ಕಣಮ್ಮ" ಎಂದಳು. ಬಲಗಣ್ಣು ನಿಜವಾಗಿಯೂ ತೆರೆದೇ ಇತ್ತು, ನನ್ನ ಕಡೆಗೇ ಇತ್ತು. ನಾನು ಬೆರಳು ಆಡಿಸಿದೆ. ಆಟವೆಂದುಕೊಂಡು ಅವಳು ನಕ್ಕಳು, ಆದರೆ ಬೆರಳು ಎಷ್ಟೆಂದು ಹೇಳಲಿಲ್ಲ. ಎಂದಿನಿಂದ ಹೀಗೆ ಎಂದು ಯಾರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ಒಂದು ಕಣ್ಣು ಇನ್ನೊಂದರ ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು.

ಹುಳ ಆಗ ನಾಲ್ಕನೇ ಜ್ವರ ಎದ್ದು ಬಕಾಸುರನ ಹಾಗೆ ಮೇಯುವ ಹೊತ್ತು. ಒಬ್ಬರಾದರೂ ಮನೆಯಲ್ಲಿ ಇರಲೇಬೇಕಿತ್ತು. ನಾನು ಉಳಿದೆ, ಯಜಮಾನರೂ ಅತ್ತೆಯೂ ಅವಳನ್ನು ಪೇಟೆಯ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಸಂಜೆ ಬಸ್ಸಿಳಿದು ಬಂದವರ ಮುಖ ಕಪ್ಪಿಟ್ಟಿತ್ತು. "ಹುಳದಿಂದ ಆಗಿರೋದಂತೆ ಕಣೆ," ಎಂದರು ಯಜಮಾನರು. "ಬೆಂಗ್ಳೂರ್ ಆಸ್ಪತ್ರೆಗೆ ತೋರ್ಸಿ, ಹುಳದ ಕಡೆ ಹುಷಾರಾಗಿರಿ ಅಂದ್ರು."

ಹುಳ ಎಂದರೆ ನಮ್ಮ ಮನೆಯಲ್ಲಿ ಒಂದೇ ಹುಳ. ಬೇರೆ ಹುಳವಿರಬಹುದೆಂಬ ಯೋಚನೆ ಅವರಿಗೆ ಬರಲಿಲ್ಲ, ನನಗೂ ಬರಲಿಲ್ಲ. ಪೊರೆಯ ಧೂಳು ಕಣ್ಣಿಗೆ ಹೋಗಿರಬೇಕು, ಇಲ್ಲವೇ ಹುಳುಮನೆಗೆ ಹೊಡೆಯುವ ಔಷಧಿಯ ಘಾಟು ತಗುಲಿರಬೇಕು ಎಂದು ನಾವೇ ತೀರ್ಮಾನ ಮಾಡಿದೆವು. ಹುಳುಮನೆಯ ಬಾಗಿಲಿಗೆ ಇನ್ನೊಂದು ಗೋಣಿಚೀಲ ಬಿತ್ತು, ಗೋಡೆಗೆ ಇನ್ನೊಂದು ಸಲ ಸುಣ್ಣ ಬಿತ್ತು. ಹುಳದ ಗಾಳಿಯೇ ಮಗುವಿಗೆ ಬೇಡವೆಂದು ಅವಳ ಹಾಸಿಗೆಯನ್ನು ಹೊರಗಿನ ಜಗಲಿಗೆ ಹಾಕಿದೆವು. ಬೆಳೆ ಮುಗಿಯುವವರೆಗೆ ಅವಳು ಹಗಲಿಡೀ ಅಲ್ಲೇ ಇದ್ದಳು, ಅಷ್ಟರಲ್ಲಿ ಮೊಣಕಾಲೆತ್ತರ ಬೆಳೆದಿದ್ದ ಮರಿಗಳ ನಡುವೆ. ಒಂಟಿ ಮಗುವಿಗೆ ಅವಾದರೂ ಜೊತೆಯಿವೆಯಲ್ಲ ಎಂದು ನಾನೇ ಸಮಾಧಾನಪಟ್ಟುಕೊಂಡೆ.

ಗೂಡು ಬಿಡಿಸಿ ಕಳಿಸಿದ ಮರುದಿನ ಬೆಂಗಳೂರಿಗೆ ಹೋದೆವು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವರು. ಕಣ್ಣು ನೋಡಿ, ರಕ್ತ ನೋಡಿ, ಮಗುವಿಗೆ ಹುಳದ ಔಷಧಿ ಯಾವಾಗಲಾದರೂ ಕೊಟ್ಟಿದ್ದೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಔಷ್ದಿ ಹೊಡೀದೆ ನಾವು ತಟ್ಟೇನೇ ಇಡಕಿಲ್ಲ ಮೇಡಂ. ನಮ್ ಹುಳುಮನೆ ಬಂದ್ ನೋಡಿ, ಈ ಆಸ್ಪತ್ರೆಗಿಂತ ಚೆಂದಾಗಿ ಮಡಗಿವ್ನಿ." ಡಾಕ್ಟರಿಗೆ ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ನಗಲಿಲ್ಲ. "ರೇಷ್ಮೆಹುಳ ಅಲ್ಲಜ್ಜಿ. ನಾಯಿಮರಿಗಳ ಹೊಟ್ಟೆಯಲ್ಲಿರುವ ಹುಳ. ಮನೆಯಲ್ಲಿ ನಾಯಿ ಇದೆಯಾ?" ಎಂದರು.

"ನಮ್ ಹುಳ ಅಲ್ವಾ ಹಂಗಾರೆ," ಎಂದರು ಅತ್ತೆ. ಒಂದು ಕ್ಷಣ ಅವರ ಮುಖದಲ್ಲಿ ಎಂಥ ನಿರಾಳ ಕಂಡಿತೆಂದರೆ, ಸುಳ್ಳು ಆಪಾದನೆ ಹೊತ್ತ ಮಗನನ್ನು ಠಾಣೆಯಿಂದ ಬಿಟ್ಟು ಕಳಿಸಿದ ಹಾಗೆ. ಆಮೇಲೆ ಉಳಿದ ಮಾತು ನಿಧಾನವಾಗಿ ಅವರೊಳಗೆ ಇಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತುಬಿಟ್ಟರು.

ತಾಯಿನಾಯಿಯ ಮೈಯಲ್ಲಿ ಆ ಹುಳ ಮಲಗಿರುತ್ತದಂತೆ, ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟುತ್ತದಂತೆ, ಮರಿಯ ಗಲೀಜಿನಲ್ಲಿ ಅದರ ಮೊಟ್ಟೆ ಮಣ್ಣಿಗೆ ಬಿದ್ದು ಬಲಿಯುತ್ತದಂತೆ. ಮಣ್ಣಿನಿಂದ ಕೈಗೆ, ಕೈಯಿಂದ ಬಾಯಿಗೆ. ಮನುಷ್ಯರೊಳಗೆ ಹೋದ ಮರಿಹುಳ ದಾರಿ ತಿಳಿಯದೆ ಮೈಯೆಲ್ಲ ಅಲೆಯುತ್ತದೆ. ಎಲ್ಲೋ ಒಂದೊಂದು, ದುರದೃಷ್ಟಕ್ಕೆ, ಕಣ್ಣಿಗೆ ಹೋಗಿ ಸೇರುತ್ತದೆ. ನನ್ನ ಮಗಳ ಕಣ್ಣಿನ ಹಿಂದಿನ ಪರದೆಯನ್ನು ಅದು ಸುಕ್ಕುಗಟ್ಟಿಸಿ ಎಳೆದುಬಿಟ್ಟಿತ್ತು. ಊತ ಇಳಿಯಲು ಔಷಧಿ ಕೊಟ್ಟರು. ನೋಟ ಬರುತ್ತದೆಯೇ ಎಂದು ಕೇಳಿದೆ, ಬರುವುದಿಲ್ಲ ಎಂದರು. ಬೆಳೆ ಮುಗಿಯಲೆಂದು ಕಾದ ಆ ದಿನಗಳಲ್ಲಿ ಏನಾದರೂ ಉಳಿಯಬಹುದಿತ್ತೇ ಎಂದು ಕೇಳಿದೆ, ಹೇಳಲಾಗದು ಎಂದರು. ಆ ಜ್ವರವೂ ಇದರದ್ದೇ ಇರಬಹುದೇ ಎಂದೆ, ಇರಬಹುದು, ಇಲ್ಲದೆಯೂ ಇರಬಹುದು ಎಂದರು. ಅವರ ಉತ್ತರಗಳಲ್ಲಿ ಬರುವುದಿಲ್ಲ ಎಂಬುದೊಂದೇ ಖಚಿತವಾಗಿತ್ತು.

ಬಂದ ಮೇಲೆ ನಾನು ಅಂಗಳದ ಮಣ್ಣನ್ನು ಸಲಿಕೆಯಿಂದ ಕೆರೆದು ಹಾಕಿದೆ. ಬಕೆಟ್ಟುಗಟ್ಟಲೆ ಬ್ಲೀಚಿಂಗ್ ಪೌಡರ್ ನೀರು ಸುರಿದೆ. ಮರಿಗಳಿಗೂ ಕೆಂಪಿಗೂ ಹುಳದ ಮಾತ್ರೆ ಕೊಡಲು ಬಂದ ಪಶುವೈದ್ಯರು ಅದನ್ನು ನೋಡಿ, ಆ ಮೊಟ್ಟೆ ಬ್ಲೀಚಿಂಗಿಗೆ ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ ಎಂದರು. ಜಗತ್ತಿನ ಸಕಲ ಕೆಡುಕಿಗೂ ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಮದ್ದು. ಕೆಂಪಿಯನ್ನು ಎಲ್ಲಿಗಾದರೂ ಬಿಟ್ಟು ಬನ್ನಿ ಎಂದು ಯಜಮಾನರ ಮೇಲೆ ಕೂಗಾಡಿದೆ. "ನಾಯಿ ಓಡ್ಸುದ್ರೆ ಕಣ್ಣು ಬತ್ತದಾ?" ಎಂದು ಕೇಳಿದರು. ಮರಿಗಳನ್ನು ಊರವರು ಒಯ್ದರು, ಕೆಂಪಿ ಉಳಿದಳು.

ಗೆಳೆಯರೇ, ಈಗೀಗ ನನಗೆ ನಮ್ಮ ಭಾಷೆಯ ಮೇಲೂ ಸಿಟ್ಟು ಬರುತ್ತದೆ. ಅನ್ನ ಕೊಡುವುದಕ್ಕೂ ಹುಳ ಎಂದೆವು, ಕಣ್ಣು ತಿನ್ನುವುದಕ್ಕೂ ಹುಳ ಎಂದೆವು. ಸಾಕು ಎಂಬ ಮಾತನ್ನೇ ನೋಡಿ. ಪ್ರೀತಿಯಿಂದ ಪೊರೆಯುವುದಕ್ಕೂ ಅದೇ, ಇನ್ನು ತಾಳಲಾರೆ ಎನ್ನುವುದಕ್ಕೂ ಅದೇ. ಹುಳ ಸಾಕಿದೆವು, ನಾಯಿ ಸಾಕಿದೆವು, ಮಗಳನ್ನೂ ಸಾಕಿದೆವು. ಹುಳಕ್ಕೆ ಏನು ತಾಕಬಾರದೆಂದು ನಮಗೆ ಬಾಯಿಪಾಠವಿತ್ತು. ಹೊರಗಿನಿಂದ ಬಂದವರ ಕಾಲಿನ ಧೂಳಿಗೆ ಅಷ್ಟು ಹೆದರುತ್ತಿದ್ದ ನಾವು ನಮ್ಮದೇ ಅಂಗಳದ ಧೂಳಿಗೆ ಹೆದರಲಿಲ್ಲ, ಏಕೆಂದರೆ ಅದು ನಮ್ಮದು. ನಮ್ಮ ಮಣ್ಣು, ನಮ್ಮ ನಾಯಿ, ನಮ್ಮ ಕೈ. ನಮ್ಮದು ಎಂದಕೂಡಲೇ ಅದು ತೊಳೆದಷ್ಟು ಶುದ್ಧವಾಗಿಬಿಡುತ್ತದೆ ಎಂದು ನಮಗೆ ಯಾರು ಹೇಳಿಕೊಟ್ಟರೋ. ನಿಮ್ಮ ಮನೆಯಲ್ಲಿ ಮರಿಯಿದ್ದರೆ ಅದಕ್ಕೆ ಮಾತ್ರೆ ಕೊಡಿಸಿ, ಗಲೀಜನ್ನು ಅಂದಂದೇ ತೆಗೆದು ದೂರ ಹೂಳಿ, ಮಗುವಿನ ಕೈಯನ್ನು ಸೋಪು ಹಾಕಿ ತೊಳೆಯಿರಿ. ಇಷ್ಟೇ ಸಾಕಿತ್ತು, ಇಷ್ಟು ಸಣ್ಣದು. ಇದು ಇಷ್ಟು ಸಣ್ಣದೆಂಬುದೇ ನನ್ನನ್ನು ಹಿಂಡುತ್ತದೆ. ದೊಡ್ಡದೇನೋ ಬೇಕಿತ್ತು, ನಮ್ಮ ಕೈಲಾಗಲಿಲ್ಲ ಎಂದಿದ್ದರೆ ಅತ್ತು ಹಗುರಾಗಬಹುದಿತ್ತು.

ಅತ್ತೆ ಮೊಮ್ಮಗಳಿಗೆ ಬೇರೆಯೇ ಕಥೆ ಹೇಳಿದ್ದರು. ನಿನ್ನ ಕಣ್ಣು ಜ್ವರಕ್ಕೆ ಕೂತಿದೆ, ಪೊರೆ ಬಿಟ್ಟ ಮೇಲೆ ಏಳುತ್ತದೆ ಎಂದಿದ್ದರು. ನನಗೆ ಅದು ತಿಳಿದದ್ದು ಮೊನ್ನೆ. ಹೊಸ ಬೆಳೆಯ ಹುಳ ಜ್ವರದಿಂದ ಎದ್ದಿತ್ತು, ನಾನು ಸೊಪ್ಪು ಕೊಟ್ಟು ಹೊರಗೆ ಬಂದೆ. ಭೂಮಿ ಜಗಲಿಯಲ್ಲಿ ಕೂತಿದ್ದಳು. ಕೆಂಪಿ ಅವಳ ಬಲಗಡೆಯಿಂದ ಬಂದು ನಿಂತದ್ದು ಅವಳಿಗೆ ಕಾಣಲಿಲ್ಲ. ನಾಯಿ ಒಂದು ಗಳಿಗೆ ಕಾದು, ಸುತ್ತಿ ಬಂದು ಎಡಗಡೆ ಕೂತಿತು.

"ಹುಳ ಎದ್ವಾ ಅಮ್ಮ?" ಎಂದಳು.

"ಎದ್ವು."

"ನನ್ ಕಣ್ಣು ಯಾವಾಗ ಏಳ್ತದೆ?"

ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು, ತಟ್ಟೆಯ ಸದ್ದು ನಿಂತಿತು. ಇನ್ನೊಂದು ಒಳ್ಳೆಯ ಹೆಸರಿನ ಸುಳ್ಳು ನನ್ನಿಂದಾಗಲಿಲ್ಲ. ಅವಳ ಪಕ್ಕ ಕೂತು, "ಅದು ಏಳಕಿಲ್ಲ ಕಣವ್ವ," ಎಂದೆ. "ಕೆಂಪಿ ಮರಿಗಳ ಹೊಟ್ಟೇಲಿದ್ದ ಹುಳ ಅದನ್ನ ಕೆಡಿಸ್ಬುಡ್ತು."

ಅವಳು ಅಳಲಿಲ್ಲ. ನಾಯಿಯ ಎರಡೂ ಕಿವಿಗಳನ್ನು ತನ್ನ ಕೈಗಳಿಂದ ಗಟ್ಟಿಯಾಗಿ ಮುಚ್ಚಿ, ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು:

"ಕೆಂಪಿಗೆ ಹೇಳ್ಬೇಡಮ್ಮ. ಬೇಜಾರ್ ಮಾಡ್ಕತಾಳೆ."