ತೋಳು ನಡೆದು ಹೊರಟಿತು, ಕೋಟು ಬಸ್ಸು ಹತ್ತಿತು

ಚರಿತ್ರೆಯ ಪುಸ್ತಕದಲ್ಲಿರುವ ಅಲೆಕ್ಸಾಂಡರನು ಕುದುರೆಯೇರಿ ಬಂದು ಅರ್ಧ ಜಗತ್ತನ್ನು ಗೆದ್ದನಂತೆ. ಉಡುಪಿಯ ಅಲೆಕ್ಸಾಂಡರ್ ಪೊರ್ಬುಗಳು ಅವನಿಗಿಂತ ಒಂದು ತೂಕ ಮೇಲು. ಅವರು ಕಾಪುವಿನಿಂದ ಕಾರ್ಕಳದವರೆಗಿನ ಸೀಮೆಯನ್ನು ನಡೆದೇ ಗೆದ್ದವರು. ಆಯುಧವೆಂದರೆ ಒಂದು ಕತ್ತರಿ, ವಾಹನವೆಂದರೆ ಒಂದು ಜೊತೆ ಚಪ್ಪಲಿ, ಸೈನ್ಯವೆಂದರೆ ಒಬ್ಬ ಶಿಷ್ಯ. ಸೈನ್ಯ ಮಾತ್ರ ಪದೇ ಪದೇ ಓಡಿಹೋಗುತ್ತಿತ್ತು.

ಪೊರ್ಬುಗಳೆಂದರೆ ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ಈ ಪೊರ್ಬುಗಳು ಮದುವೆಮನೆಯ ದರ್ಜಿ. ಆ ಕಾಲದಲ್ಲಿ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಬಟ್ಟೆಯನ್ನು ದರ್ಜಿಯ ಬಳಿಗೆ ಒಯ್ಯುತ್ತಿರಲಿಲ್ಲ. ದರ್ಜಿಯೇ ಮನೆಗೆ ಬಂದು, ಜಗಲಿಯಲ್ಲಿ ಮೆಷಿನ್ ಹೂಡಿ, ಅಜ್ಜನ ಅಂಗಿಯಿಂದ ಹಿಡಿದು ತೊಟ್ಟಿಲ ಕೂಸಿನ ಕುಲಾವಿಯವರೆಗೆ ಎಲ್ಲವನ್ನೂ ಹೊಲಿದು ಏಳುತ್ತಿದ್ದ. ಮದುಮಗನ ಕೋಟು ಕೊನೆಯದು. ಅದರ ತೋಳು ಕೊನೆಯದರಲ್ಲಿ ಕೊನೆಯದು. ಒಡಲು ಮೈಮೇಲೆ ಸರಿಯಾಗಿ ಕೂತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ತೋಳು ಹಚ್ಚಬೇಕೆಂಬುದು ಪೊರ್ಬುಗಳ ನಿಯಮ.

ಅವರ ಎರಡನೆಯ ನಿಯಮವೇ ಎಲ್ಲ ಯುದ್ಧಗಳಿಗೂ ಮೂಲ. ದರ್ಜಿಯಾದವನು ಕೆಲಸಕ್ಕೆ ನಡೆದು ಹೋಗಬೇಕು. ಮುಂದೆ ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು ಪೊರ್ಬುಗಳು, ಹಿಂದೆ ತಲೆಯ ಮೇಲೆ ಮರದ ಮುಚ್ಚಳದ ಕೈಮೆಷಿನ್ ಹೊತ್ತ ಶಿಷ್ಯ. ಉಡುಪಿಯಲ್ಲಿ ಬಸ್ಸುಗಳು ನಾಲ್ಕು ದಿಕ್ಕಿಗೂ ಓಡಾಡತೊಡಗಿ ಎಷ್ಟೋ ವರ್ಷಗಳಾದ ಮೇಲೂ ಈ ಮೆರವಣಿಗೆ ನಿಲ್ಲಲಿಲ್ಲ.

ಕಾರಣ ಕೇಳಿದವರಿಗೆ ಪೊರ್ಬುಗಳು ಒಂದು ಉಪನ್ಯಾಸವನ್ನೇ ಕೊಡುತ್ತಿದ್ದರು. “ದಾರಿಯಲ್ಲಿ ನಡೆಯುವಾಗ ಜನರ ಬೆನ್ನು ಕಾಣ್ತದೆ. ಯಾರ ಭುಜ ಎತ್ತರ, ಯಾರ ಭುಜ ತಗ್ಗು, ಯಾರು ಎದೆ ಒಳಗೆ ಎಳೆದುಕೊಂಡು ನಡೀತಾರೆ, ಎಲ್ಲ ಕಾಣ್ತದೆ. ಬಸ್ಸಿನಲ್ಲಿ ಎಂತ ಕಾಣ್ತದೆ? ಮುಂದೆ ಕೂತವನ ತಲೆಯ ಎಣ್ಣೆ.” ಇನ್ನೊಂದು ಕಾರಣವನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಿಸಿಲಲ್ಲಿ ನಡೆದು ಬಂದ ದರ್ಜಿಗೆ ಮದುವೆಮನೆಯಲ್ಲಿ ಕುರ್ಚಿ ಹಾಕಿ, ಬೆಲ್ಲ ನೀರು ಕೊಟ್ಟು, ಯಜಮಾನನೇ ಬೀಸಣಿಗೆ ಹಿಡಿಯುತ್ತಿದ್ದ. ಬಸ್ಸಿನಿಂದ ಇಳಿದವನಿಗೆ ಯಾರು ಬೀಸುತ್ತಾರೆ?

ಬೆಲ್ಲ ನೀರು ಗುರುವಿಗೆ, ಮೆಷಿನ್ ಶಿಷ್ಯನಿಗೆ. ಹೀಗಾಗಿ ಶಿಷ್ಯರು ಒಬ್ಬೊಬ್ಬರಾಗಿ ಕೈಬಿಟ್ಟರು. ಒಬ್ಬ ಬೊಂಬಾಯಿಗೆ ಹೋದ. ಒಬ್ಬ ಪಾದ್ರಿಯಾಗಲು ಹೊರಟ. ಅಲ್ಲಿ ಮೊಣಕಾಲೂರಬೇಕು, ನಿಜ, ಆದರೆ ತಲೆಯ ಮೇಲೆ ಏನನ್ನೂ ಇಡುವುದಿಲ್ಲವೆಂದು ಅವನು ವಿಚಾರಿಸಿಕೊಂಡಿದ್ದ. ಇನ್ನೊಬ್ಬನಂತೂ ಬಸ್ಸಿನ ಕ್ಲೀನರನಾಗಿ ಸೇರಿಕೊಂಡು, ರಸ್ತೆಬದಿಯಲ್ಲಿ ನಡೆಯುವ ಗುರುವಿಗೆ ದಿನವೂ ಫುಟ್‌ಬೋರ್ಡಿನಿಂದ ನಮಸ್ಕಾರ ಮಾಡುತ್ತಿದ್ದ. ಪೊರ್ಬುಗಳು ಅದನ್ನು ಗುರುಭಕ್ತಿ ಎಂದು ತಿಳಿಯಲಿಲ್ಲ.

ಉಳಿದವನು ದೂಮಪ್ಪ ಒಬ್ಬನೇ. ಕಾಪುವಿನವನು, ವಿನೋದಾಳನ್ನು ಮದುವೆಯಾಗಿ ಒಂದು ಮಗುವಿನ ತಂದೆಯಾದವನು, ಸೂಜಿ ಹಿಡಿದರೆ ಗುರುವನ್ನೂ ಸುಮ್ಮನಾಗಿಸುವ ಕೈಯವನು. ಪೊರ್ಬುಗಳಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಹೊಲಿಗೆಯನ್ನು ಬೆರಳೇ ನೋಡಿಕೊಳ್ಳುತ್ತಿತ್ತು, ಆದರೆ ಸೂಜಿಗೆ ದಾರ ಪೋಣಿಸಲು ದೂಮಪ್ಪನೇ ಬೇಕಿತ್ತು. ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಈಸ್ಟರ್ ಕಳೆದು ಮದುವೆಗಳ ಭರಾಟೆ ಶುರುವಾದಾಗ, ದೂಮಪ್ಪ ಬಾಯಿಬಿಟ್ಟ. ಹಿರಿಯಡ್ಕದ ವಲೇರಿಯನ್ ಎಂಬವನ ಮದುವೆಯ ಹಿಂದಿನ ಸಂಜೆ ಅದು. ಅಲ್ಲಿ ಮನೆಯವರೆಲ್ಲರ ಹೊಲಿಗೆ ಮುಗಿಸಿ ಇಬ್ಬರೂ ಉಡುಪಿಗೆ, ಪೊರ್ಬುಗಳ ಮನೆಗೆ ಮರಳಿದ್ದರು. ಮದುಮಗನ ಕೋಟಿನ ಒಡಲು ಸಿದ್ಧವಾಗಿತ್ತು, ತೋಳುಗಳು ಬೇರೆಯಾಗಿದ್ದವು. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಅವನ್ನು ಹಚ್ಚಬೇಕು, ರಾತ್ರಿ ಬೆಳಗಾಗುವುದರೊಳಗೆ ದಪ್ಪಗಾದ ಅತ್ತೆಯರ ರವಿಕೆ ಬಿಚ್ಚಿ ಹೊಲಿಯಲು ಮೆಷಿನನ್ನೂ ಒಯ್ಯಬೇಕು.

“ಪೊರ್ಬುಗಳೇ, ನಾಳೆ ನಾನು ಬಸ್ಸಿನಲ್ಲಿ ಹೋಗ್ತೇನೆ” ಎಂದ ದೂಮಪ್ಪ.

“ಯಾಕೆ, ಕಾಲಿಗೆ ಎಂತ ಆಯ್ತು?”

“ಕಾಲಿಗೆ ಎಂತ ಆಗಲಿಲ್ಲ. ಕುತ್ತಿಗೆಗೆ ಆಯ್ತು. ಮದುವೆಯಾಗುವಾಗ ನನಗೊಂದು ಕುತ್ತಿಗೆ ಇತ್ತು, ಈಗ ಅದೆಲ್ಲಿ ಅಂತ ವಿನೋದಾ ಕೇಳ್ತಾಳೆ.”

“ನಾನು ನನ್ನ ಗುರುವಿನ ಮೆಷಿನ್ ಹೊತ್ತು ಕಾರ್ಕಳಕ್ಕೆ ನಡೆದಿದ್ದೇನೆ ಮಾರಾಯ.”

“ಅದಕ್ಕೇ ನಿಮಗೂ ಕುತ್ತಿಗೆ ಇಲ್ಲ” ಎಂದ ದೂಮಪ್ಪ. “ಸತ್ಯ ಹೇಳ್ತೇನೆ. ಮಣಿಪಾಲದಲ್ಲಿ ಹೊಸ ಅಂಗಡಿಯವರು ಕರೀತಿದ್ದಾರೆ. ಡಾಕ್ಟರ್ ಕಲಿಯುವ ಹುಡುಗರ ಬಿಳಿ ಕೋಟು ಹೊಲಿದರೆ ಸಾಕು. ಹುಡುಗರೇ ಅಂಗಡಿಗೆ ಬರ್ತಾರೆ, ಅಂಗಡಿ ಎಲ್ಲಿಗೂ ಹೋಗುವುದಿಲ್ಲ. ನಾಳೆ ಬಸ್ಸು ಆಗುವುದಿಲ್ಲ ಅಂತಾದರೆ ನಾಡಿದ್ದು ನಾನು ಮಣಿಪಾಲ.”

ಪೊರ್ಬುಗಳ ಹೆಂಡತಿ ಇಮೆಲ್ಡಾಬಾಯಿ ಒಳಗಿನಿಂದಲೇ ತೀರ್ಪು ಕೊಟ್ಟರು. “ಅವನು ಹೋಗಲಿ, ನೀವು ನಡೀರಿ. ದಾರ ಪೋಣಿಸಲಿಕ್ಕೆ ನನ್ನನ್ನು ಕರೀಬೇಡಿ. ನನಗೂ ಕಾಣುವುದಿಲ್ಲ.”

ಪೊರ್ಬುಗಳು ಒಬ್ಬ ಸೇನಾಪತಿಗೆ ಮಾತ್ರ ಹೊಳೆಯಬಹುದಾದ ಉಪಾಯವೊಂದನ್ನು ಹೂಡಿದರು. “ಆಯ್ತು. ಮೆಷಿನ್, ಕೋಟಿನ ಒಡಲು, ನೀನು, ಮೂವರೂ ಬಸ್ಸಿನಲ್ಲಿ ಬನ್ನಿ. ತೋಳು ನನ್ನ ಹತ್ತಿರ ಇರಲಿ. ನೀನು ಮೊದಲು ತಲುಪಿ ನನ್ನನ್ನು ಬಿಟ್ಟು ಕೋಟು ಮುಗಿಸಿದೆ ಅಂತ ಆಗಬಾರದು.”

ಒಂದು ಕೋಟನ್ನು ಎರಡು ದಾರಿಯಲ್ಲಿ ಕಳುಹಿಸುವುದು ಎಂಥ ಹುಚ್ಚು ಎಂಬುದು ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರಿಗೂ ತಾವೇ ಗೆದ್ದೆವೆಂಬ ಸಂತೋಷ.

ಪೊರ್ಬುಗಳು ಕೋಳಿ ಕೂಗುವ ಮೊದಲೇ ತೋಳುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊರಟರು. ಕಾಲಿನ ಲೆಕ್ಕ ಸರಿಯಾಗಿಯೇ ಇತ್ತು. ಕೈ ಕೊಟ್ಟದ್ದು ಖ್ಯಾತಿ. ಮಣಿಪಾಲದ ಏರಿನಲ್ಲಿ ಒಬ್ಬರು ಕರೆದು ಕಾಫಿ ಕೊಟ್ಟರು. ಅಲ್ಲಿಂದಾಚೆ ಇನ್ನೊಬ್ಬರು ಮಗಳಿಗೆ ಗಂಡು ಗೊತ್ತಾದ ಸುದ್ದಿ ಹೇಳಿ ಮತ್ತೊಂದು ಕಾಫಿ ಕೊಟ್ಟರು. ಪರ್ಕಳದಲ್ಲಿ ಬೀಪಾತುಮ್ಮ ಎಂಬ ಮುದುಕಿ ಮೊಮ್ಮಗನನ್ನು ಅಂಗಳದಲ್ಲಿ ನಿಲ್ಲಿಸಿ, ಇವನ ಅಂಗಿ ಯಾಕೆ ಹಿಂದಕ್ಕೆ ಎಳೆಯುತ್ತದೆ ಎಂದು ಕೇಳಿದಳು. ಅಂಥ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವ ದರ್ಜಿ ಇನ್ನೂ ಹುಟ್ಟಿಲ್ಲ. ಹೀಗೆ ಪರ್ಕಳ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಸಿಲೇರಿತ್ತು, ಹಿಂದಿನಿಂದ ಕಾರ್ಕಳದ ಬಸ್ಸಿನ ಹಾರ್ನ್ ಕೇಳಿಸಿತು.

ಬಸ್ಸಿನಲ್ಲಿ ಮಡಿಲಲ್ಲಿ ಕೋಟಿನ ಒಡಲು ಇಟ್ಟುಕೊಂಡು ಮಹಾರಾಜನಂತೆ ಕೂತಿದ್ದ ದೂಮಪ್ಪ ಕಿಟಕಿಯಿಂದ ಗುರುವನ್ನು ಕಂಡ. ಗೆದ್ದ ನಗೆ ತುಟಿಯವರೆಗೆ ಬಂದು ಅಲ್ಲೇ ಒಣಗಿತು. ಗುರುಗಳು ಇಲ್ಲಿ ನಡೆಯುತ್ತಿದ್ದಾರೆ ಎಂದರೆ ತೋಳೂ ಇಲ್ಲೇ ನಡೆಯುತ್ತಿದೆ. ತಾನು ಬೇಗ ತಲುಪಿ ಮಾಡುವುದೇನು? ಮದುಮಗ ತೋಳಿಲ್ಲದೆ ಇಗರ್ಜಿಯಲ್ಲಿ ನಿಲ್ಲುವುದೇ?

“ಬೇಬಿಯಣ್ಣ, ಸ್ವಲ್ಪ ನಿಧಾನ ಮಾಡಿ” ಎಂದು ಡ್ರೈವರನಿಗೆ ಕೂಗಿದ. ಬೇಬಿ ಎಂದರೆ ಹೆಸರು ಮಾತ್ರ. ಆತನ ಮೀಸೆಯನ್ನು ಕಂಡು ಎದುರಿನ ಎತ್ತಿನಗಾಡಿಗಳು ತಾವಾಗಿ ಬದಿಗೆ ಸರಿಯುತ್ತಿದ್ದವು. ಬಸ್ಸು ಪೊರ್ಬುಗಳ ಪಕ್ಕದಲ್ಲಿ ಅವರದೇ ಹೆಜ್ಜೆಯ ವೇಗದಲ್ಲಿ ಸಾಗತೊಡಗಿತು.

ಕಂಡಕ್ಟರ್ ಉಸ್ಮಾನ್ ಬಾಗಿಲಲ್ಲಿ ಜೋತುಬಿದ್ದು ಹೇಳಿದ: “ಹತ್ತಿ ಪೊರ್ಬುಗಳೇ, ಟಿಕೆಟ್ ಬೇಡ.”

“ನಾನು ನಡೀತಿದ್ದೇನೆ, ಕಾಣುವುದಿಲ್ವಾ?”

“ಕಾಣ್ತದೆ. ಬಸ್ಸೂ ನಡೀತಾ ಉಂಟು, ಅದೂ ಎಲ್ಲರಿಗೂ ಕಾಣ್ತದೆ. ನಮ್ಮ ಮರ್ಯಾದೆ ಹೋಗ್ತದೆ ಮಾರಾಯ್ರೆ.”

ಬಸ್ಸಿನೊಳಗೆ ಎರಡು ಪಕ್ಷಗಳಾದವು. ಮುದುಕನನ್ನು ಎತ್ತಿ ಒಳಗೆ ಹಾಕಿ ಎಂದಿತು ಒಂದು. ವ್ರತ ಹಿಡಿದವರನ್ನು ಕೆಡಿಸಬಾರದು ಎಂದಿತು ಇನ್ನೊಂದು. ಕಾರ್ಕಳದ ಕೋರ್ಟಿನಲ್ಲಿ ಕೇಸು ಇದ್ದ ಒಬ್ಬರು ಯಾವ ಪಕ್ಷಕ್ಕೂ ಸೇರದೆ ಎಲ್ಲರನ್ನೂ ಬೈದರು.

ದೂಮಪ್ಪ ಚಲಿಸುವ ಬಸ್ಸಿನಿಂದ ಇಳಿದು ಗುರುವಿನ ಪಕ್ಕ ಹೆಜ್ಜೆ ಹಾಕಿದ. “ನೀವು ಹತ್ತದಿದ್ದರೆ ಮೆಷಿನನ್ನು ಇಲ್ಲೇ ಮರದ ಬುಡದಲ್ಲಿ ಇಳಿಸಿ, ನಾನು ಮಣಿಪಾಲಕ್ಕೆ ವಾಪಸು ಹೋಗ್ತೇನೆ.”

“ಹೇಗೆ ಹೋಗ್ತಿ?”

“ನಡೆದು.”

ನಡೆಯಬಾರದೆಂಬ ಹಟಕ್ಕಾಗಿ ನಡೆಯಲೂ ಸಿದ್ಧನಾದವನನ್ನು ಕಂಡು ಪೊರ್ಬುಗಳ ಹೆಜ್ಜೆ ಮೊದಲ ಬಾರಿಗೆ ತಡವರಿಸಿತು. ಇವನು ಹೇಳಿದ್ದನ್ನು ಮಾಡುವವನು. ಪೊರ್ಬುಗಳ ಮುಖ ಒಂದಿಷ್ಟು ಸಣ್ಣದಾಯಿತು.

ಅದನ್ನು ಕಂಡ ದೂಮಪ್ಪನ ದನಿಯೂ ತಗ್ಗಿತು. “ಪೊರ್ಬುಗಳೇ, ನಿಮಗೆ ಬಸ್ಸಿನಲ್ಲಿ ಹೋಗಲಿಕ್ಕೆ ಯಾರು ಹೇಳಿದರು? ಮೆಷಿನ್ ಕೂತ ಜಾಗವೇ ದರ್ಜಿಯ ಅಂಗಡಿ ಅಂತ ನೀವೇ ಹೇಳ್ತೀರಿ. ಈಗ ಮೆಷಿನ್ ಹಿಂದಿನ ಸೀಟಿನಲ್ಲಿ ಕೂತಿದೆ. ಅಂಗಡಿಗೆ ಬಂದು ತೋಳು ಹಚ್ಚಿ, ಇಳಿದು ನಡೀರಿ.”

ಪೊರ್ಬುಗಳು ನಿಂತರು. ಬಸ್ಸೂ ನಿಂತಿತು. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಇದೆಯೇ ಎಂದು ಅವರು ಆಕಾಶ ನೋಡಿ ಯೋಚಿಸಿದರು. “ಬಸ್ಸು ಅಲ್ಲಾಡಬಾರದು” ಎಂದರು.

“ಇಲ್ಲ” ಎಂದ ಬೇಬಿ, ಎರಡೂ ಕೈ ಎತ್ತಿ.

ಒಳಗೆ ಹತ್ತಿದವರೇ ಪೊರ್ಬುಗಳು ಎಲ್ಲರ ಭುಜಗಳನ್ನೂ ಒಮ್ಮೆ ನೋಡಿ ಉಸ್ಮಾನನತ್ತ ಬೆರಳು ತೋರಿಸಿದರು. ವರ್ಷಗಟ್ಟಲೆ ಚರ್ಮದ ಚೀಲ ಜೋತುಹಾಕಿ ಅವನ ಎಡಭುಜ ಒಂದು ಬೆರಳಿನಷ್ಟು ಇಳಿದಿತ್ತು. ವಲೇರಿಯನ್ನನ ಎಡಭುಜವೂ ಅಷ್ಟೇ ಇಳಿಜಾರು, ಅವನ ತಂದೆಯದೂ ಹಾಗೆಯೇ. ಆ ಮನೆಯವರ ಬೆನ್ನ ಹಿಂದೆ ಎಷ್ಟು ನಡೆದಿಲ್ಲ ಇವರು? ಉಸ್ಮಾನನಿಗೆ ಕೋಟಿನ ಒಡಲು ತೊಡಿಸಿದರು. ಹೊಸ ಕೋಟು ತೊಟ್ಟ ಕಂಡಕ್ಟರನನ್ನು ನೋಡಿ ಬಸ್ಸು ಒಮ್ಮೆ ನಕ್ಕಿತು. ಪೊರ್ಬುಗಳು ಗುಂಡುಸೂಜಿಗಳ ಸಾಲನ್ನೇ ಬಾಯಿಯಲ್ಲಿ ಹಿಡಿದು ಬಲತೋಳನ್ನು ಕೂರಿಸತೊಡಗಿದರು.

ಬೇಬಿ ಕಾಯುತ್ತಿದ್ದುದು ಆ ಕ್ಷಣಕ್ಕೇ. ಬಾಯಿತುಂಬ ಗುಂಡುಸೂಜಿ ಇರುವ ದರ್ಜಿ ಲೋಕದ ಯಾವ ಅನ್ಯಾಯವನ್ನೂ ಖಂಡಿಸಲಾರ. ಗೇರು ಮೆಲ್ಲನೆ ಬಿತ್ತು. ಬಸ್ಸು ಹೆರಿಗೆ ನೋವಿನವಳನ್ನು ಒಯ್ಯುವಂತೆ ಹೊರಟಿತು.

“ಹ್ಮ್” ಎಂದರು ಪೊರ್ಬುಗಳು.

“ಎಂತ ಹೇಳಿದರು?” ಎಂದು ಬೇಬಿ ಕೇಳಿದ.

“ಚೆನ್ನಾಗಿ ಬಿಡ್ತೀರಿ ಅಂತ” ಎಂದ ದೂಮಪ್ಪ, ಸೂಜಿಗೆ ದಾರ ಪೋಣಿಸುತ್ತ.

ಗುಂಡುಸೂಜಿಗಳು ಬಾಯಿಯಿಂದ ಬಟ್ಟೆಗೆ ಬರುವಷ್ಟರಲ್ಲಿ ಪೊರ್ಬುಗಳ ಕೈ ಹೊಲಿಗೆಯಲ್ಲಿ ಮುಳುಗಿಹೋಗಿತ್ತು. ತೋಳಿನ ಸುತ್ತು ಅರ್ಧದಲ್ಲಿ ನಿಲ್ಲಿಸುವ ಕೆಲಸವಲ್ಲ. ಆ ರಸ್ತೆಯಲ್ಲಿ ರಸ್ತೆಗಿಂತ ಹೊಂಡವೇ ಹೆಚ್ಚು. ಬೇಬಿ ಮುಂಚಿತವಾಗಿ “ಹೊಂಡ” ಎನ್ನುತ್ತಿದ್ದ, ಪೊರ್ಬುಗಳು ಸೂಜಿ ಮೇಲೆತ್ತುತ್ತಿದ್ದರು, ಇಡೀ ಬಸ್ಸು ಉಸಿರು ಹಿಡಿಯುತ್ತಿತ್ತು. ಹೊಂಡ ದಾಟಿದ ಕೂಡಲೇ ಸೂಜಿ ಇಳಿಯುತ್ತಿತ್ತು, ಬಸ್ಸು ಉಸಿರು ಬಿಡುತ್ತಿತ್ತು. ಬಲತೋಳು ಮುಗಿಯುವಾಗ ಎಲ್ಲರೂ ಒಂದೇ ಪಕ್ಷ. ಎಡತೋಳಿಗೆ ಬರುವಾಗ ಕೋರ್ಟಿನ ಕೇಸಿನವರೂ ಮುಂದೆ ಹೋಗಿ ನಿಂತು ಹೊಂಡ ಹುಡುಕುತ್ತಿದ್ದರು. ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವಾಗ ಉಸ್ಮಾನ್ ಅಲ್ಲಾಡದೆ ನಿಂತು, “ಒಳಗೆ ಹೋಗಿ, ನನ್ನನ್ನು ಮುಟ್ಟಬೇಡಿ” ಎನ್ನುತ್ತಿದ್ದ.

ಹಿರಿಯಡ್ಕದಲ್ಲಿ ಬಸ್ಸು ಸ್ಟಾಪಿನಲ್ಲಿ ನಿಲ್ಲಲಿಲ್ಲ. ಮದುವೆಮನೆಯ ಚಪ್ಪರದೆದುರು ಹೋಗಿ ನಿಂತಿತು. ಕೊನೆಯ ಗಂಟು ಹಾಕಿ ದಾರ ಕಚ್ಚಿದ ಪೊರ್ಬುಗಳು ತಲೆಯೆತ್ತಿ ನೋಡಿದಾಗ ಬಾಗಿಲಿಗೆ ಮದುಮಗನ ತಂದೆ ಬಂದಿದ್ದ. ಕೋಟು ಉಸ್ಮಾನನ ಮೈಯಿಂದ ವಲೇರಿಯನ್ನನ ಮೈಗೆ ದಾಟಿತು. ಎಡಭುಜ ನೀರು ನಿಂತ ಹಾಗೆ ನಿಂತಿತು. ಬಲಗಂಕುಳಿನ ಒಳಗೆ ಒಂದೇ ಒಂದು ಹೊಲಿಗೆ ದಾರಿ ತಪ್ಪಿತ್ತು. ಅದೊಂದು ಹೊಂಡವನ್ನು ಬೇಬಿ ಹೇಳಲು ಮರೆತಿದ್ದ. ಮದುಮಗ ಇಡೀ ಮದುವೆಯಲ್ಲಿ ಬಲಗೈ ಮೇಲೆತ್ತದಂತೆ ದೂಮಪ್ಪ ಗುಟ್ಟಾಗಿ ಹೇಳಿಬಂದ.

“ಅಂತೂ ಬಸ್ಸಿನಲ್ಲಿ ಬಂದಿರಾ ಪೊರ್ಬು?” ಎಂದು ಮದುಮಗನ ತಂದೆ ನಗುತ್ತ ಕೇಳಿದ.

ಚಪ್ಪರದಲ್ಲಿದ್ದವರೆಲ್ಲ ಉತ್ತರಕ್ಕೆ ಕಿವಿ ಕೊಟ್ಟರು. ದೂಮಪ್ಪ ಮೆಷಿನನ್ನು ನೆಲಕ್ಕಿಳಿಸಿ ಗುರುವಿನ ಮುಖ ನೋಡಿದ. ಅವನು ನಾಳೆ ಹೋಗುವುದು ಮಣಿಪಾಲಕ್ಕೋ ಪೊರ್ಬುಗಳ ಜಗಲಿಗೋ ಎಂಬುದು ಆ ಬಾಯಿಯಿಂದ ಬರುವ ಮಾತಿನಲ್ಲಿತ್ತು.

“ನಾನು ಬರಲಿಲ್ಲ” ಎಂದರು ಅಲೆಕ್ಸಾಂಡರ್ ಪೊರ್ಬುಗಳು ನಿಧಾನವಾಗಿ. “ನಾನು ಕೂತು ತೋಳು ಹಚ್ಚುತ್ತಾ ಇದ್ದೆ. ಬಸ್ಸು ಬಂತು.” ದೂಮಪ್ಪನ ಕಡೆ ತಿರುಗಿ ಸೇರಿಸಿದರು, “ಹೀಗಾದರೆ ಅಡ್ಡಿಯಿಲ್ಲ.”

ಮುಂದಿನ ವಾರ ಕಾರ್ಕಳದಲ್ಲಿ ಮದುವೆ. ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ದೂಮಪ್ಪ ಮೆಷಿನನ್ನು ಹಿಂದಿನ ಸೀಟಿನಲ್ಲಿಟ್ಟು, ಪಕ್ಕದ ಜಾಗಕ್ಕೆ ಟವೆಲು ಹಾಸಿ ಕಾದ. ಪೊರ್ಬುಗಳು ಬಂದರು. ಕೈಯಲ್ಲಿ ಪಾದ್ರಿಗಳ ಉದ್ದ ನಿಲುವಂಗಿ, ಕುತ್ತಿಗೆಯಿಂದ ಪಾದದವರೆಗೆ ಗುಂಡಿ ಇರುವಂಥದ್ದು. ಯಾರನ್ನೂ ನೋಡದೆ ಹತ್ತಿ ಕೂತು, ಅದನ್ನು ತೊಡೆಯ ಮೇಲೆ ಹರಡಿ, ಶಿಷ್ಯನತ್ತ ಸೂಜಿ ಚಾಚಿದರು.

ದೂಮಪ್ಪ ದಾರ ಪೋಣಿಸಿ ಕೊಟ್ಟ. “ಇವತ್ತು ಎಂತ ಕೆಲಸ ಪೊರ್ಬುಗಳೇ?”

“ಗುಂಡಿಗೆ ಕಾಜ ಹೊಲಿಯಲಿಕ್ಕುಂಟು.”

“ಎಷ್ಟು ಉಂಟು?”

“ಕಾರ್ಕಳದವರೆಗೆ ಉಂಟು” ಎಂದರು ಪೊರ್ಬುಗಳು.