ಯಾರ ಮಗಳೂ ಅಲ್ಲದವಳು

ದೊಡ್ಡ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು. ಕಥೆ ಹೇಳುವವಳಿಗೆ ದಿಂಬಿನ ಗವಸು ಮಾತ್ರ. ಅವಳ ಪಾಲಿನ ಭಾರದ ಬಟ್ಟೆಗಳನ್ನು ಉಳಿದವರು ಹಂಚಿಕೊಳ್ಳಬೇಕು. ಕಥೆ ಹೇಳಲು ಉಸಿರು ಬೇಡವೇ! ಈ ಸುಖವನ್ನು ವರ್ಷಗಟ್ಟಲೆ ಉಂಡವಳು ಕಥೆಯಕ್ಕ. ಮಗಳು ಕಾಲೇಜಿನಲ್ಲಿ ಓದುವ ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಅವಳ ಬಾಯಿಂದಲೇ ಕೇಳಿಸಿಕೊಂಡು, ಮರುದಿನ ಇಲ್ಲಿ ತನ್ನ ಧಾಟಿಯಲ್ಲಿ ಹೇಳುತ್ತಿದ್ದಳು. ಸಾರೋಟು ಹೋಗಿ ಬಸ್ಸು ಬರುತ್ತಿತ್ತು, ಬಂಗಲೆ ಹೋಗಿ ಹೋಟೆಲು ಬರುತ್ತಿತ್ತು. ಬೈಗುಳವಂತೂ ಪೂರ್ತಿ ಅವಳದೇ.

ಆ ವಾರದ ಕಥೆಯಲ್ಲಿ ಮನೆಗೆಲಸದ ಹುಡುಗಿಯ ಮೇಲೆ ಬೆಳ್ಳಿ ಚಮಚ ಕದ್ದ ಆರೋಪ. ಪುಸ್ತಕದ ಕೊನೆಗೆ ಅವಳು ದೊಡ್ಡ ಮನೆತನದ ಕಳೆದುಹೋದ ಮಗಳೆಂದು ತಿಳಿದು, ಬೈದವರೆಲ್ಲ ಕೈ ಮುಗಿಯುತ್ತಾರೆ.

"ನಾನು ಅದನ್ನ ಕಿತ್ತು ಬಿಸಾಕಿದೀನಿ," ಎಂದಳು ಕಥೆಯಕ್ಕ. "ನಮ್ಮ ಹುಡುಗಿ ಯಾರ ಮಗಳೂ ಅಲ್ಲ. ಕೆಲಸದವಳು, ಅಷ್ಟೇ."

"ಅಯ್ಯೋ ಪಾಪ! ಸಾಹುಕಾರನ ಮಗಳಾಗ್ಲಿ ಬಿಡಕ್ಕಾ, ನಿನ್ನ ಗಂಟೇನು ಹೋಗುತ್ತೆ?" ಎಂದಳು ಪಕ್ಕದ ಡುಮ್ಮಿ.

"ಸಾಹುಕಾರನ ಮಗಳಾದ್ರೆ ಮಾತ್ರ ಮರ್ಯಾದೆನಾ? ಹಾಗಾದ್ರೆ ನಿಂಗೂ ನಂಗೂ ಯಾವ ಜನ್ಮಕ್ಕೆ ಸಿಗುತ್ತೆ ಹೇಳು!"

ಅಷ್ಟರಲ್ಲಿ ಮೇಲ್ವಿಚಾರಕ ಒಳಗೆ ಬಂದ. ಹೋಟೆಲಿನವರ ಜರಿಯಂಚಿನ ಮೇಜುಬಟ್ಟೆ ಕಾಣೆಯಾಗಿತ್ತು. ಹಿಂದೆಮುಂದೆ ವಿಚಾರಿಸದೆ ಅವನು ಹೊಸದಾಗಿ ಸೇರಿದವಳ ಮುಂದೆ ಹೋಗಿ ನಿಂತ. ಗಂಡ ಹಾಸಿಗೆ ಹಿಡಿದಿದ್ದ ಹೆಣ್ಣು ಅವಳು. ಈ ಕೆಲಸ ಹೋದರೆ ಒಲೆ ಉರಿಯುವುದಿಲ್ಲ.

"ಕಳ್ಳಿ! ತಪ್ಪಾಯ್ತು ಅಂತ ಎಲ್ಲರ ಮುಂದೆ ಹೇಳು, ಇಟ್ಕೋತೀನಿ. ಇಲ್ದಿದ್ರೆ ಈಗ್ಲೇ ನಡಿ."

"ನಾನು ಕದ್ದಿಲ್ಲ ಸಾರ್," ಎಂದಳು ಅವಳು.

ಕಥೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ರಜಾಯಿ ಗವಸುಗಳೊಳಗೆ ಕೈ ಹಾಕಿ ನೋಡಿದ್ರಾ? ಮೆಷಿನ್ನು ತಿರುಗುವಾಗ ಸಣ್ಣ ಬಟ್ಟೆಯೆಲ್ಲ ಅದರೊಳಗೇ ನುಗ್ಗೋದು."

"ನೀನು ಸುಮ್ನೆ ಕಥೆ ಹೇಳ್ಕೊಂಡಿರು. ಬಡವನ ಕೋಪ ದವಡೆಗೆ ಮೂಲ, ಗೊತ್ತಲ್ಲ?"

"ದವಡೆ ನಮ್ದು ತಾನೇ ಸಾರ್? ಆಗ್ಲಿ."

ಕಥೆಯಕ್ಕ ಇಸ್ತ್ರಿಪೆಟ್ಟಿಗೆ ಆರಿಸಿ ಸ್ಟೂಲಿನ ಮೇಲೆ ಕೂತಳು. ಡುಮ್ಮಿಯೂ ಆರಿಸಿದಳು. ನೋಡನೋಡುತ್ತ ಎಲ್ಲರೂ ಆರಿಸಿದರು. ಹೊರಗೆ ಹೋಟೆಲಿನ ವ್ಯಾನು ಹಾರ್ನು ಹೊಡೆಯುತ್ತಿತ್ತು. ದಾರಿ ಕಾಣದೆ ಮೇಲ್ವಿಚಾರಕ ತಾನೇ ಗವಸುಗಳನ್ನು ಒಂದೊಂದಾಗಿ ಕೊಡವತೊಡಗಿದ. ಕೊಡವುತ್ತ ಕೊಡವುತ್ತ ಒಂದರೊಳಗಿಂದ ಜರಿಯಂಚಿನ ಬಟ್ಟೆ ಮುದ್ದೆಯಾಗಿ ಉದುರಿತು.

"ಸಿಕ್ತಲ್ಲ, ಮುಗೀತು. ಕೆಲಸ ನೋಡಿ," ಎಂದ, ಏನೂ ಆಗಿಲ್ಲವೆಂಬಂತೆ. ಎಂಥ ದಪ್ಪ ಚರ್ಮ!

ಯಾರೂ ಸ್ವಿಚ್ಚು ಮುಟ್ಟಲಿಲ್ಲ. ಕಥೆಯಕ್ಕ ಬಾಯಿ ತೆರೆಯುವ ಮೊದಲೇ ಹೊಸಬಳು ಮುಂದೆ ಬಂದಳು.

"ಕಳ್ಳಿ ಅಂದಿದ್ದು ಎಲ್ಲರ ಮುಂದೆ ಸಾರ್. ತಪ್ಪಾಯ್ತು ಅನ್ನೋದೂ ಎಲ್ಲರ ಮುಂದೇನೇ ಆಗ್ಲಿ."

ವ್ಯಾನು ಮತ್ತೆ ಕೂಗಿತು. ಅವನು ನೆಲ ನೋಡುತ್ತ ಏನೋ ಗೊಣಗಿದ.

"ಕೇಳಿಸ್ಲಿಲ್ಲ ಸಾರ್," ಎಂದಳು ಅವಳು.