ಸುಮಧ್ವ ಮಾಸ್ತರರ ಜಲಜನಕ ದಂಡಯಾತ್ರೆ

ಚಕ್ರವರ್ತಿಗಳು ಆನೆ ಹಿಡಿದರು, ಕೋಟೆ ಹಿಡಿದರು. ನಮ್ಮ ಸೇಡಂನ ಸುಮಧ್ವ ಮಾಸ್ತರರು ಜಲಜನಕ ಹಿಡಿಯಲು ಹೊರಟರು. ಅದೂ ಮುಟ್ಟದೆ, ಮೂಸದೆ, ಕಂಪ್ಯೂಟರಿನೊಳಗೆ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದಾದ ಇಂಗಾಲದ ನಳಿಕೆಯ ಮೈಗೆ ಆ ಅನಿಲ ಎಷ್ಟು ಅಂಟೀತು ಎಂಬ ಲೆಕ್ಕ. ಸಾಕಷ್ಟು ಅಂಟಿದರೆ ನಳಿಕೆಗಳನ್ನೇ ಟ್ಯಾಂಕಿ ಮಾಡಿಕೊಂಡು ಜಗತ್ತಿನ ಗಾಡಿಗಳು ಜಲಜನಕ ಕುಡಿದು ಓಡುತ್ತವೆ. ಮಾಸ್ತರರಿಗೆ ಪಿಎಚ್‌ಡಿ ಸಿಕ್ಕು, ಕಾಲೇಜಿನ ತಾತ್ಕಾಲಿಕ ನೌಕರಿ ಕಾಯಂ ಆಗುತ್ತದೆ.

೨೦೦೩ರಲ್ಲಿ ಉತ್ತರ ಬಂತು: ನಳಿಕೆ ಭರ್ಜರಿಯಾಗಿ ಹಿಡಿಯುತ್ತದೆ! ಲೇಖನ ಅಚ್ಚಾಯಿತು. ಊರು ಶಾಲು, ಪೇಟ ಸಿದ್ಧಮಾಡಿತು. ಸನ್ಮಾನದ ಬೆಳಿಗ್ಗೆ ವೀರರು ಶೌಕತ ಅಲಿಯ ಕಟಿಂಗ್ ಅಂಗಡಿಯಲ್ಲಿ ಸಿಂಹಾಸನವೇರಿದರು. ಮುಂದೊಂದು ಕನ್ನಡಿ, ಹಿಂದೊಂದು. ನೊರೆ ಹಚ್ಚಿಕೊಂಡ ಮಾಸ್ತರರು ಕೊನೆಯೇ ಕಾಣದಷ್ಟು ಸಾಲುಗಟ್ಟಿ ಕೂತಿದ್ದರು.

ಅರ್ಧ ಗಡ್ಡದಲ್ಲೇ ಎದ್ದರು.

“ಕುಂದ್ರಿ ಸರ್, ಇನ್ನೊಂದು ಗಲ್ಲ ಬಾಕಿ ಅದ!”

“ನನ್ನ ಡಬ್ಬಿ ಭಾಳ ಸಣ್ಣದಿತ್ತೋ ಶೌಕತ!”

“ಯಾವ ಡಬ್ಬಿ ಸರ್, ಪೌಡರಿಂದಾ?”

ಕಂಪ್ಯೂಟರಿನಲ್ಲಿ ಅವರು ನಳಿಕೆಯನ್ನು ಲೆಕ್ಕದ ಡಬ್ಬಿಯೊಂದರಲ್ಲಿ ಇಟ್ಟಿದ್ದರು. ಆ ವಿಧಾನದಲ್ಲಿ ಡಬ್ಬಿಯ ಗೋಡೆಯಾಚೆ ಅದೇ ಡಬ್ಬಿ, ಅದರಾಚೆ ಮತ್ತದೇ, ಥೇಟ್ ಈ ಕನ್ನಡಿಗಳ ಹಾಗೆ. ಹಳೇ ಯಂತ್ರ ಬೇಗ ಮುಗಿಸಲೆಂದು ಡಬ್ಬಿಯನ್ನು ಕಿರಿದು ಮಾಡಿದ್ದರು. ಪಕ್ಕದ ಡಬ್ಬಿಗಳಲ್ಲಿದ್ದ ನಳಿಕೆಯ ಬಿಂಬಗಳೂ ಹತ್ತಿರ ಬಂದು ಜಲಜನಕವನ್ನು ಎಳೆದಿದ್ದವು. ಕುಸ್ತಿಗಿಳಿದವನು ಒಬ್ಬ ಜಟ್ಟಿ. ಗೆದ್ದದ್ದು ಅವನ ಪ್ರತಿಬಿಂಬಗಳ ದಂಡು.

ಮನೆಗೆ ಓಡಿ ಫೋನು ಮಾಡಿದರೆ, ಪಿಎಚ್‌ಡಿ ಮಾರ್ಗದರ್ಶಕ ಗುರುಲಿಂಗಪ್ಪನವರು ಗದರಿದರು: “ಸುಮ್ನ ಕುಂದ್ರಪಾ. ನಿನ್ನ ಡಬ್ಬಿ ತೆಗದು ಯಾರು ನೋಡ್ತಾರ? ಶಾಲು ಹೊದ್ಕೊ, ಪಿಎಚ್‌ಡಿ ತಗೊ.”

ಹೆಂಡತಿ ಪ್ರಮಿತಾ ಬಾಗಿಲಲ್ಲಿ ನಿಂತು ನೋಡಿದರು. “ಖರೇ ಹೇಳಾಕ ಹೊಂಟೀರೇನು? ಇನ್ನೊಂದು ಗಲ್ಲನಾರ ಬೋಳಿಸ್ಕೊಂಡು ಹೋಗ್ರಿ.”

ಬೋಳಿಸಿಕೊಂಡು ಹೋದರು. ವೇದಿಕೆಯಲ್ಲೇ ತಪ್ಪೊಪ್ಪಿಕೊಂಡರು. ಪೇಟ ತಂದವರು ಪೇಟ ವಾಪಸು ಒಯ್ದರು. ಮಾಸ್ತರರು ಲೇಖನವನ್ನೂ ಹಿಂಪಡೆದರು. ದೊಡ್ಡ ಡಬ್ಬಿಯ ಲೆಕ್ಕ ಶುರುವಾಯಿತು. ಕರೆಂಟು ಹೋದಾಗಲೆಲ್ಲ ಮತ್ತೆ ಮೊದಲಿನಿಂದ. ವರ್ಷಗಳ ಮೇಲೆ ಬಂದ ಉತ್ತರ: ನಮ್ಮೂರಿನ ಬಿಸಿಲಿರಲಿ, ಸಾಮಾನ್ಯ ಕೋಣೆಯ ಶಾಖದಲ್ಲೂ ನಳಿಕೆ ಹಿಡಿಯುವುದು ಇಲ್ಲವೆಂಬಷ್ಟು. ಅಷ್ಟರಲ್ಲಿ ಗುರುಲಿಂಗಪ್ಪನವರು ನಿವೃತ್ತರಾಗಿದ್ದರು. ಇಂಥ ಉತ್ತರದ ಪ್ರಬಂಧವನ್ನು ಮತ್ತಾರೂ ಕೈಗೆತ್ತಿಕೊಳ್ಳಲಿಲ್ಲ. ಕಾಯಂ ನೌಕರಿ ಸಣ್ಣ ಡಬ್ಬಿಯಲ್ಲೇ ಲೆಕ್ಕ ಮಾಡಿ ಬಾಯಿಬಿಡದ ಇನ್ನೊಬ್ಬ ವೀರನಿಗೆ ಸಂದಿತು. ಕಾಲೇಜು ಮಾಸ್ತರರನ್ನು ಬಿಡಿಸಿತು.

ಈಗ ಅವರು ಹತ್ತಿರದ ವಾಡಿ ಪಟ್ಟಣಕ್ಕೆ ಹೋಗಿ ಟ್ಯೂಷನ್ ಹೇಳಿಬರುತ್ತಾರೆ. ದಾರಿಯಲ್ಲಿ ಕಂಡವರು “ಗಾಡಿ ಯಾವಾಗ ಓಡತಾವ್ರಿ ಸರ್?” ಅನ್ನುತ್ತಾರೆ. ಕ್ಷೌರಕ್ಕೆ ಬಂದರೆ ಶೌಕತ ಅಲಿ ಮಾತ್ರ ಮೊದಲು ಹಿಂದಿನ ಕನ್ನಡಿಗೆ ಟವೆಲ್ ಹೊದಿಸುತ್ತಾನೆ, ಆಮೇಲೆ ಕತ್ತಿ ಎತ್ತಿಕೊಳ್ಳುತ್ತಾನೆ. ಮುಂದಿನ ಕನ್ನಡಿಯಲ್ಲಿ ಮಾಸ್ತರರು ಒಬ್ಬರೇ ಇರುತ್ತಾರೆ.